ಒಂದು ಟ್ರಂಕು, 118 ಗಾಜಿನ ಪ್ಲೇಟು, ಮೂರು ಕ್ಯಾಮೆರಾ

ಮಲೆನಾಡಿನ ತಾಲೂಕು ಪೇಟೆಯೊಂದರಲ್ಲಿ 1953ರಲ್ಲಿ ಶುರುವಾಗಿ, ಡಿಜಿಟಲ್ ಬಂದ ಮೇಲೆ ಬಾಗಿಲು ಹಾಕಿದ ಫೋಟೊ ಸ್ಟುಡಿಯೊ ಇದು. ಮಾಲೀಕರು ತೀರಿಕೊಂಡು ಎಷ್ಟೋ ವರ್ಷದ ಮೇಲೆ, ಮನೆ ರಿಪೇರಿಗೆಂದು ಅಟ್ಟ ಖಾಲಿ ಮಾಡಿಸುವಾಗ ಒಂದು ಕಬ್ಬಿಣದ ಟ್ರಂಕು ಕೆಳಗಿಳಿಯಿತು. ಗುಜರಿಯವನು ಟ್ರಂಕಿಗೆ ಮಾತ್ರ ಬೆಲೆ ಕಟ್ಟಿದ. "ಈ ಗಾಜೆಲ್ಲ ನಂಗೆ ಬ್ಯಾಡಮ್ಮ, ನೀವೇ ಎಲ್ಲಾದ್ರೂ ಹಾಕ್ಬಿಡಿ" ಅಂದ. ಹಳೇ ಕ್ಯಾಮೆರಾ ಕೊಳ್ಳುವ ವ್ಯಾಪಾರಿಯೊಬ್ಬರು ಎರಡು ಕ್ಯಾಮೆರಾ ಕೊಟ್ಟರೆ ಸಾಕು ಎಂದರು. ಕೊನೆಗೆ ಬಂದ ಹವ್ಯಾಸಿ ಸಂಗ್ರಾಹಕರು ಟ್ರಂಕನ್ನು ಇದ್ದ ಹಾಗೆಯೇ, ಒಂದು ಚೀಟಿಯೂ ಬಿಡದಂತೆ ಕೊಂಡರು. ಒಟ್ಟಾಗಿ ಕೊಂಡದ್ದರಿಂದ ಏನೇನು ಸಾಧ್ಯವಾಯಿತು ಎಂಬುದೇ ಈ ಪ್ರಕರಣದ ತಿರುಳು. ಊರು ಮತ್ತು ಮನೆತನದ ಗುರುತನ್ನು ಇಲ್ಲಿ ಕೊಟ್ಟಿಲ್ಲ.

ಟ್ರಂಕಿನಲ್ಲಿ ಇದ್ದದ್ದು ಇಷ್ಟು: ತಲಾ 12 ಪ್ಲೇಟ್ ಹಿಡಿಸುವ ಹತ್ತು ರಟ್ಟಿನ ಡಬ್ಬಿ, ಅವುಗಳಲ್ಲಿ 118 ಹಾಫ್ ಪ್ಲೇಟ್ (4¾×6½ ಇಂಚು) ಗಾಜಿನ ನೆಗೆಟಿವ್, ರಬ್ಬರ್ ಬ್ಯಾಂಡ್ ಸುತ್ತಿದ ಕಂದು ಲಕೋಟೆಗಳಲ್ಲಿ 600ರಷ್ಟು ಕತ್ತರಿಸಿದ ರೋಲ್ ಫಿಲ್ಮ್ ನೆಗೆಟಿವ್, ಎರಡು ಆರ್ಡರ್ ರಿಜಿಸ್ಟರ್, ಸಾಗುವಾನಿ ಮರದ ಹಾಫ್ ಪ್ಲೇಟ್ ಕ್ಯಾಮೆರಾ, ಅದರ ಹಿತ್ತಾಳೆ ಲೆನ್ಸು, ಮೂರು ಡಬಲ್ ಸ್ಲೈಡು (ಎರಡು ಮುಖಕ್ಕೆ ಒಂದೊಂದು ಪ್ಲೇಟು ಹಿಡಿಸಿ ಕ್ಯಾಮೆರಾಕ್ಕೆ ತೂರಿಸುವ ಮರದ ಚೌಕಟ್ಟು), ಯಾಶಿಕಾ-ಡಿ ಮತ್ತು ಅಗ್ಫಾ ಕ್ಲಿಕ್-III ಎಂಬ ಎರಡು ರೋಲ್ ಫಿಲ್ಮ್ ಕ್ಯಾಮೆರಾ. ತಳದಲ್ಲಿ ಹಿಡಿ ತುಂಬ ನುಸಿಗುಳಿಗೆ.

ಸಂಗ್ರಾಹಕರು ಬರುವ ಮೊದಲೇ ಒಂದು ಅನಾಹುತ ಆಗಿಹೋಗಿತ್ತು. ಮನೆಯವರು ಒಳ್ಳೆಯ ಮನಸ್ಸಿನಿಂದಲೇ, ಬೂಷ್ಟು ಹಿಡಿದಿದ್ದ ಎಂಟು ಪ್ಲೇಟ್‌ಗಳನ್ನು ಪಾತ್ರೆ ಸೋಪು ಹಾಕಿ ನಲ್ಲಿ ಕೆಳಗೆ ತೊಳೆದಿದ್ದರು. ಎಂಟರಲ್ಲಿ ಐದರ ಚಿತ್ರ ತೇಪೆ ತೇಪೆಯಾಗಿ ಕರಗಿ ನೀರಿನೊಂದಿಗೆ ಹೋಯಿತು. ಇದು ಯಾಕಾಗುತ್ತದೆ ಎಂದು ಪ್ರತಿಯೊಬ್ಬ ಸಂಗ್ರಾಹಕನಿಗೂ ಗೊತ್ತಿರಬೇಕು. ಗಾಜಿನ ಮೇಲೆ ಚಿತ್ರವನ್ನು ಹಿಡಿದಿಟ್ಟಿರುವುದು ಜೆಲಟಿನ್ ಪದರ, ಆ ಪದರದೊಳಗೆ ಬೆಳ್ಳಿಯ ಕಣಗಳು. ಜೆಲಟಿನ್ ಎಂದರೆ ಪ್ರಾಣಿಯ ಮೂಳೆ, ಚರ್ಮದಿಂದ ತೆಗೆದ ಪ್ರೋಟೀನು. ಬೂಷ್ಟಿಗೆ ಅದು ಊಟ. ಹೊಸ ಜೆಲಟಿನ್ ತಣ್ಣೀರಿನಲ್ಲಿ ಉಬ್ಬುತ್ತದೆ, ಕರಗುವುದಿಲ್ಲ. ಬೂಷ್ಟು ತಿಂದ ಜೆಲಟಿನ್ ಹಾಗಲ್ಲ. ಬೂಷ್ಟು ಬಿಡುವ ಕಿಣ್ವಗಳು ಪ್ರೋಟೀನಿನ ಸರಪಳಿಯನ್ನು ತುಂಡು ತುಂಡು ಮಾಡಿರುತ್ತವೆ, ಆ ಜಾಗ ತಣ್ಣೀರಿನಲ್ಲೇ ಕರಗುತ್ತದೆ. ಅಂದಮೇಲೆ ಬೂಷ್ಟು ಕಂಡ ನೆಗೆಟಿವ್‌ಗೆ ನೀರು ಸೋಕಿಸಲೇಬಾರದು. ಒದ್ದೆ ಬಟ್ಟೆಯೂ ಬೇಡ.

ಉಳಿದವಕ್ಕೆ ಮಾಡಿದ ಕ್ರಮ ಬೇರೆ. ಮೊದಲು ಟ್ರಂಕಿನ ಒಳಗಿನ ಜೋಡಣೆಯನ್ನು ಮೇಲಿನಿಂದ, ಪದರ ಪದರವಾಗಿ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟರು. ಡಬ್ಬಿಗಳಿಗೆ 1ರಿಂದ 10, ಡಬ್ಬಿಯೊಳಗಿನ ಪ್ಲೇಟಿಗೆ ಎದುರಿನಿಂದ 1ರಿಂದ 12. ಹೀಗೆ ಮೂರನೇ ಡಬ್ಬಿಯ ಏಳನೇ ಪ್ಲೇಟು 3-07. ಖಾಲಿ ಇದ್ದ ಎರಡು ಜಾಗಕ್ಕೂ ಸಂಖ್ಯೆ ಕೊಟ್ಟರು, ಅವು 6-04 ಮತ್ತು 6-05. ಇದು ಅತಿ ಎನಿಸಬಹುದು. ಆದರೆ ಆರನೇ ಡಬ್ಬಿಯಲ್ಲಿ ಆ ಎರಡು ಜಾಗದ ಆಚೆ ಈಚೆ ಇದ್ದವು ಒಂದೇ ಮದುವೆಯ ಪ್ಲೇಟುಗಳು. ರಿಜಿಸ್ಟರಿನಲ್ಲಿ ಆ ಮದುವೆಗೆ ಒಟ್ಟು ಆರು ಪ್ಲೇಟು ಎಂದು ಬರೆದಿತ್ತು, ಡಬ್ಬಿಯಲ್ಲಿ ನಾಲ್ಕೇ ಇದ್ದವು. ಕಳೆದುಹೋದದ್ದು ಯಾವುದು ಎಂದು ಖಾಲಿ ಜಾಗವೇ ಹೇಳಿತು.

ಒಣಗಿಸುವುದು

ಡಬ್ಬಿಗಳು ಬಂದದ್ದು ಆಗಸ್ಟ್‌ನಲ್ಲಿ. ಮಲೆನಾಡಿನಲ್ಲಿ ಆ ಹೊತ್ತಿಗೆ ಮನೆಯೊಳಗಿನ ತೇವಾಂಶ ಶೇ 85 ದಾಟುವುದು ಮಾಮೂಲು. ಶೇ 65–70 ದಾಟಿದರೆ ಬೂಷ್ಟು ಏಳುತ್ತದೆ. ಗಾಳಿಯಾಡದ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬಗಳಲ್ಲಿ ಪ್ಲೇಟಿನ ಡಬ್ಬಿಗಳನ್ನು ಮುಚ್ಚಳ ಸಡಿಲಿಸಿ ಇಟ್ಟು, ಪ್ರತಿ ಡಬ್ಬದಲ್ಲೂ ಅರ್ಧ ಕಿಲೋ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಮತ್ತು ತೇವಾಂಶ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್ ಇಟ್ಟರು. ನೀಲಿ ಸಿಲಿಕಾ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಕೈಯಲ್ಲಿ ಆಡಿಸಲು ಅದು ಒಳ್ಳೆಯದಲ್ಲ. ಬಣ್ಣ ಬದಲಾದ ಹರಳನ್ನು ಓವನ್‌ನಲ್ಲಿ 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಇಲ್ಲಿ ಅವಸರ ಕೂಡದು. ಶೇ 85ರಿಂದ ಒಂದೇ ದಿನಕ್ಕೆ ಶೇ 30ಕ್ಕೆ ಇಳಿಸಿದರೆ ಜೆಲಟಿನ್ ಬಿಗಿದುಕೊಂಡು ಅಂಚಿನಿಂದ ಗಾಜು ಬಿಟ್ಟು ಏಳುತ್ತದೆ. ವಾರಕ್ಕೆ ಹತ್ತು ಅಂಶದಂತೆ ಇಳಿಸಿ ಶೇ 45ಕ್ಕೆ ತಂದು ನಿಲ್ಲಿಸಿದರು. ಬೂಷ್ಟು ಒಣಗಿ ಪುಡಿಯಾದ ಮೇಲೆ, ಮನೆಯ ಹೊರಗೆ, ಎನ್95 ಮಾಸ್ಕ್ ಹಾಕಿಕೊಂಡು, ಮೆತ್ತನೆ ಕುಂಚ ಮತ್ತು ರಬ್ಬರ್ ಬ್ಲೋವರ್‌ನಿಂದ ತೆಗೆದರು. ಬಾಯಿಂದ ಊದಲಿಲ್ಲ, ಉಗುಳಿನ ಒಂದು ಹನಿ ಸಾಕು, ಕಲೆ ಕೂರುತ್ತದೆ.

ಐದು ಜೊತೆ ಪ್ಲೇಟುಗಳು ಮುಖಕ್ಕೆ ಮುಖ ಅಂಟಿಕೊಂಡಿದ್ದವು. ಡಬ್ಬಿಯಲ್ಲಿ ಎಮಲ್ಷನ್‌ಗೆ (ಬೆಳ್ಳಿ ಕಣವಿರುವ ಜೆಲಟಿನ್ ಪದರಕ್ಕೆ) ಎಮಲ್ಷನ್ ಎದುರಾಗಿ ಇಡುವ ರೂಢಿ, ಮಳೆಗಾಲದ ತೇವಕ್ಕೆ ಮೆತ್ತಗಾದ ಜೆಲಟಿನ್ ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಬ್ಲೇಡು ತೂರಿಸಿದರೆ ಎರಡೂ ಹೋದ ಹಾಗೆ. ಶೇ 45ರಲ್ಲಿ ಆರು ವಾರ ಇಟ್ಟಾಗ ಮೂರು ಜೊತೆ ತಾವಾಗಿಯೇ ಬಿಟ್ಟುಕೊಂಡವು. ಎರಡು ಜೊತೆ ಬಿಡಲಿಲ್ಲ.

ಯಾವುದು ಮುಖ, ಯಾವುದು ಬೆನ್ನು

ಪ್ಲೇಟನ್ನು ಅಂಚಿನಲ್ಲಿ ಹಿಡಿದು ಕಿಟಕಿ ಬೆಳಕಿಗೆ ಓರೆ ಮಾಡಿದರೆ ಹೊಳೆಯುವುದು ಗಾಜಿನ ಬೆನ್ನು, ಮಂಕಾಗಿರುವುದು ಎಮಲ್ಷನ್ ಮುಖ. ಬೆನ್ನನ್ನು ಒರೆಸಬಹುದು: ಶುದ್ಧೀಕರಿಸಿದ ನೀರಿಗೆ ಸ್ವಲ್ಪ ಎಥನಾಲ್ ಬೆರೆಸಿ, ಹತ್ತಿಯನ್ನು ಅದ್ದಿ ಚೆನ್ನಾಗಿ ಹಿಂಡಿ, ನಡುವಿನಿಂದ ಅಂಚಿನ ಕಡೆಗೆ, ಅಂಚು ದಾಟಿ ಹನಿ ಮುಖಕ್ಕೆ ಹೋಗಬಾರದು. ಮುಖವನ್ನು ಒರೆಸಬಾರದು, ಇದಕ್ಕೆ ಬೂಷ್ಟಿನ ಆಚೆಗೂ ಒಂದು ಕಾರಣ ಇದೆ.

4-09 ಒಬ್ಬ ಮದುಮಗಳ ಪ್ಲೇಟು. ಹಿಂದಿನಿಂದ ಬೆಳಕು ಬಿಟ್ಟು ನೋಡಿದರೆ ಮಾಮೂಲಿ ನೆಗೆಟಿವ್. ಪಕ್ಕದಿಂದ, ಮೇಜಿನ ಮಟ್ಟಕ್ಕೆ ಬೆಳಕು ಹಾಯಿಸಿದಾಗ ಕೆನ್ನೆಯ ಮೇಲೆ ಕೂದಲೆಳೆಗಿಂತ ಸಣ್ಣ ಪೆನ್ಸಿಲ್ ಗೆರೆಗಳು ಎದ್ದು ಬಂದವು, ಪುಟ್ಟ ಪುಟ್ಟ ಅಲ್ಪವಿರಾಮದಂತೆ, ನೂರಾರು. ಕಣ್ಣ ಕೆಳಗಿನ ನೆರಳಿಗೆ ಒತ್ತಾಗಿ, ಗಲ್ಲದ ಬಳಿ ವಿರಳವಾಗಿ. ಇದು ಟಚಿಂಗ್ ಕೆಲಸ. ನೆಗೆಟಿವ್‌ನಲ್ಲಿ ಕಪ್ಪು ಸೇರಿಸಿದರೆ ಪ್ರಿಂಟಿನಲ್ಲಿ ಅಲ್ಲಿ ಬೆಳ್ಳಗಾಗುತ್ತದೆ, ಹಾಗೆ ಮುಖದ ಕಲೆ, ಸುಕ್ಕು ಮರೆಯಾಗುತ್ತದೆ. ತಲೆಯ ಸುತ್ತ ಬೆನ್ನಿನ ಕಡೆ ಕೆಂಪು ಬಣ್ಣ ಬಳಿದು ಹಿನ್ನೆಲೆ ಮುಚ್ಚಿದ್ದರು. ಪೆನ್ಸಿಲ್ ಹಿಡಿಯಲೆಂದು ಮೊದಲು ಹಚ್ಚಿದ ಮೆರುಗೆಣ್ಣೆ ಒಣಹತ್ತಿಗೂ ಏಳುತ್ತದೆ. ಪ್ಲೇಟ್ "ಸ್ವಚ್ಛ" ಮಾಡಹೊರಟವನು ಒಬ್ಬ ಕುಶಲಕರ್ಮಿಯ ಎರಡು ಗಂಟೆಯ ಕೆಲಸವನ್ನು ಒಂದು ಕ್ಷಣದಲ್ಲಿ ಒರೆಸಿಬಿಡುತ್ತಾನೆ. ಹೀಗೆ ಕೆಂಪು ಬಣ್ಣ ಬೆನ್ನಿನ ಮೇಲಿರುವ ಪ್ಲೇಟುಗಳ ಬೆನ್ನನ್ನೂ ಒರೆಸಲಿಲ್ಲ.

ಅದೇ ಪ್ಲೇಟಿನಲ್ಲಿ ಇನ್ನೊಂದು ಗಮನಿಸುವ ಸಂಗತಿ: ಪಾಸಿಟಿವ್ ಮಾಡಿ ನೋಡಿದಾಗ ಹಣೆಯ ಕುಂಕುಮ ಮಸಿಯಷ್ಟು ಕಪ್ಪು, ತುಟಿಯೂ ಕಪ್ಪು. ಆರ್ಥೋಕ್ರೊಮ್ಯಾಟಿಕ್ ಪ್ಲೇಟಿಗೆ ಕೆಂಪು ಕಾಣುವುದಿಲ್ಲ, ಕೆಂಪೆಲ್ಲ ಕಪ್ಪಾಗುತ್ತದೆ. ಡಾರ್ಕ್ ರೂಮಿನಲ್ಲಿ ಕೆಂಪು ದೀಪ ಹಚ್ಚಿಟ್ಟು ನೋಡುತ್ತ ತೊಳೆಯಬಹುದಾಗಿದ್ದರಿಂದ (ತೊಳೆಯುವುದೆಂದರೆ ಇಲ್ಲಿ ಡೆವಲಪರ್ ದ್ರಾವಣದಲ್ಲಿ ಚಿತ್ರ ಮೂಡಿಸುವುದು) ಸಣ್ಣ ಊರಿನ ಸ್ಟುಡಿಯೊಗಳು ಇದನ್ನು ಬಹಳ ಕಾಲ ಬಿಡಲಿಲ್ಲ. ಹಾಗಾಗಿ ಕಪ್ಪು ಕುಂಕುಮ ಕಂಡಾಕ್ಷಣ "ತುಂಬ ಹಳೇದು" ಎಂದು ಕಾಲ ಕಟ್ಟಬಾರದು. ಯಾವ ಬಗೆಯ ಪ್ಲೇಟು ಎಂಬುದನ್ನಷ್ಟೇ ಅದು ಹೇಳುತ್ತದೆ.

ಕ್ಯಾಮೆರಾ ಕೊಟ್ಟ ಸಾಕ್ಷಿ

ಎರಡು ರಿಜಿಸ್ಟರ್‌ಗಳಲ್ಲಿ ಮೊದಲನೆಯದು 1953ರಿಂದ 1961, ಎರಡನೆಯದು 1966ರಿಂದ 1974. ನಡುವಿನದು ಇಲ್ಲ. 118 ಪ್ಲೇಟುಗಳಲ್ಲಿ 71ರ ಅಂಚಿನಲ್ಲಿ ಸೂಜಿಯಿಂದ ಕೆರೆದ ಆರ್ಡರ್ ನಂಬರ್ ಇತ್ತು, ಅವು ರಿಜಿಸ್ಟರಿಗೆ ತಾಳೆಯಾದವು. ಉಳಿದ 47ಕ್ಕೆ ಏನೂ ಇಲ್ಲ. ಬೇರೆ ಸ್ಟುಡಿಯೊದಿಂದ ಬಂದವೋ ಇಲ್ಲಿಯವೋ ಎಂಬುದೇ ಪ್ರಶ್ನೆ.

ವ್ಯಾಪಾರಿ ಕೇಳಿದಾಗ ಮರದ ಕ್ಯಾಮೆರಾ ಹೋಗಿದ್ದರೆ ಪ್ರಶ್ನೆ ಅಲ್ಲಿಗೇ ನಿಲ್ಲುತ್ತಿತ್ತು. ಡಬಲ್ ಸ್ಲೈಡಿನಲ್ಲಿ ಪ್ಲೇಟು ಕೂರುವ ಮರದ ಕಟ್ಟು ಇರುತ್ತದೆ. ಆ ಕಟ್ಟಿನಡಿ ಬಂದ ಅಂಚಿಗೆ ಬೆಳಕು ಬೀಳದೆ ನೆಗೆಟಿವ್‌ನಲ್ಲಿ ಪಾರದರ್ಶಕ ಗೆರೆಯಾಗಿ ಉಳಿಯುತ್ತದೆ. ಮೂರು ಸ್ಲೈಡೆಂದರೆ ಆರು ಮುಖ. ಕೈಯಿಂದ ಮಾಡಿದ್ದರಿಂದ ಆರೂ ಬೇರೆ ಬೇರೆ. ಎರಡನೇ ಸ್ಲೈಡಿನ ಒಂದು ಮುಖದಲ್ಲಿ ಬಲ ಮೂಲೆಯ ಮರ ಅಕ್ಕಿಕಾಳಿನಷ್ಟು ಚಕ್ಕೆ ಎದ್ದಿತ್ತು. ಸ್ಲೈಡಿನ ಆರೂ ಮುಖಗಳ ಕಟ್ಟನ್ನು ಸ್ಕ್ಯಾನ್ ಮಾಡಿ ಪ್ಲೇಟುಗಳ ಅಂಚಿನ ಮೇಲೆ ಕಂಪ್ಯೂಟರಿನಲ್ಲಿ ಇಟ್ಟು ನೋಡಿದಾಗ, ನಂಬರಿಲ್ಲದ 47ರಲ್ಲಿ 39 ಇದೇ ಸ್ಲೈಡುಗಳಲ್ಲಿ ತೆಗೆದವೆಂದು ಖಚಿತವಾಯಿತು. ಅಕ್ಕಿಕಾಳಿನ ಗುರುತೊಂದೇ 11 ಪ್ಲೇಟಿನಲ್ಲಿತ್ತು. ಉಳಿದ ಎಂಟು ಹೊರಗಿನವು.

ಕಾಲಕ್ಕೆ ಸಿಕ್ಕ ಕುರುಹು ಸ್ಟುಡಿಯೊದ ಬಣ್ಣದ ಪರದೆ. ಕೊಳ, ಮೆಟ್ಟಿಲು, ಕಂಬ ಬರೆದ ಪರದೆಯ ಎಡಬದಿ ಕೆಳಗೆ 1957ರ ನಂಬರಿನ ಪ್ಲೇಟಿನಲ್ಲಿ ಬೆರಳಗಲ ಹರಿದಿದೆ. 1959ರಲ್ಲಿ ಗೇಣುದ್ದ. 1960ರಲ್ಲಿ ಹೊಲಿಗೆ ಬಿದ್ದಿದೆ. ನಂಬರಿಲ್ಲದ ಪ್ಲೇಟುಗಳಲ್ಲಿ ಪರದೆ ಕಂಡ 22ನ್ನು ಈ ಮೂರು ಹಂತಕ್ಕೆ ಹಂಚಲು ಸಾಧ್ಯವಾಯಿತು.

ನೆಗೆಟಿವ್ ಉಳಿದರೆ ಏನು ದಕ್ಕುತ್ತದೆ ಎಂಬುದಕ್ಕೆ ನಮ್ಮಲ್ಲೇ ದೊಡ್ಡ ಉದಾಹರಣೆ ಇದೆ. ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯನ್ನು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದಿದ್ದರು. ವಿಜಯವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಗೋಪುರವಿತ್ತು ಎಂದು ಅವರ ಚಿತ್ರದಲ್ಲಿ ಕಣ್ಣಾರೆ ಕಾಣುತ್ತದೆ. ಇಂದು ಆ ಗೋಪುರ ಇಲ್ಲ. ಪೇಟೆ ಸ್ಟುಡಿಯೊದ ಹರಿದ ಪರದೆಯೂ ಅದೇ ಜಾತಿಯ ಸಾಕ್ಷಿ, ಗಾತ್ರ ಮಾತ್ರ ಸಣ್ಣದು.

ಹುಳಿ ವಾಸನೆಯ ಲಕೋಟೆಗಳು

ರೋಲ್ ಫಿಲ್ಮ್ ಲಕೋಟೆಗಳ ಕಟ್ಟು ಬಿಚ್ಚಿದಾಗ ವಿನಿಗರ್ ವಾಸನೆ ಮೂಗಿಗೆ ಹೊಡೆಯಿತು. ಇವು ಅಸಿಟೇಟ್ ಎಂಬ ಪ್ಲಾಸ್ಟಿಕ್‌ನ ಫಿಲ್ಮು, ಅದು ಕೊಳೆಯುವಾಗ ವಿನಿಗರ್‌ನಲ್ಲಿರುವ ಅಸಿಟಿಕ್ ಆಮ್ಲ ಬಿಡುತ್ತದೆ. ಮುಚ್ಚಿದ ಟ್ರಂಕಿನಲ್ಲಿ ಆ ಆಮ್ಲ ಹೊರಹೋಗದೆ ಕೊಳೆಯುವಿಕೆಯನ್ನೇ ಇನ್ನಷ್ಟು ಚುರುಕು ಮಾಡುತ್ತದೆ, ಪಕ್ಕದ ಒಳ್ಳೆಯ ಫಿಲ್ಮಿಗೂ ಹರಡುತ್ತದೆ. ಎ-ಡಿ ಸ್ಟ್ರಿಪ್ ಎಂಬ ನೀಲಿ ಕಾಗದದ ಪಟ್ಟಿಯನ್ನು ಪ್ರತಿ ಕಟ್ಟಿನೊಂದಿಗೆ ಮುಚ್ಚಿದ ಚೀಲದಲ್ಲಿ 24 ಗಂಟೆ ಇಟ್ಟರು. ನೀಲಿಯಾಗೇ ಉಳಿದರೆ ಕ್ಷೇಮ, ಹಸಿರಿಗೆ ತಿರುಗಿದರೆ ಕೊಳೆತ ವೇಗ ಹಿಡಿದಿದೆ, ಹಳದಿಯಾದರೆ ಕೈಮೀರುತ್ತಿದೆ. ಹಸಿರು, ಹಳದಿಗೆ ಬಂದ ಕಟ್ಟುಗಳನ್ನು ಬೇರೆ ಕೋಣೆಗೆ ಒಯ್ದು, ಅವನ್ನೇ ಮೊದಲು ಡಿಜಿಟಲ್ ಮಾಡಿದರು. ಇದು ವಾಪಸು ಸರಿಯಾಗುವ ಕಾಯಿಲೆಯಲ್ಲ. ರಬ್ಬರ್ ಬ್ಯಾಂಡಿನ ಗಂಧಕ ಬೆಳ್ಳಿಯನ್ನು ಕಂದು ಮಾಡುತ್ತದೆ, ಪ್ರತಿ ಕಟ್ಟಿನ ಮೇಲಿನ ನೆಗೆಟಿವ್‌ನಲ್ಲಿ ಅಡ್ಡ ಗೆರೆ ಮೂಡಿದ್ದು ಅದಕ್ಕೇ. ನುಸಿಗುಳಿಗೆ ಬೂಷ್ಟನ್ನು ತಡೆಯದು. ಅದನ್ನು ಎತ್ತಿ ಎಸೆದರು.

ಕ್ಲಿಕ್-IIIರ ಒಳಗೊಂದು ರೋಲು

ಅಗ್ಫಾ ಕ್ಲಿಕ್-III ಬರೋಡಾದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ತಯಾರಿಸಿದ ಪೆಟ್ಟಿಗೆ ಕ್ಯಾಮೆರಾ. 120 ರೋಲಿನಲ್ಲಿ 12 ಚೌಕ ಚಿತ್ರ. ಎಷ್ಟೋ ಭಾರತೀಯ ಮನೆಗಳ ಮೊದಲ ಕ್ಯಾಮೆರಾ ಇದೇ, ಹಾಗಾಗಿ ಸಂಗ್ರಹ ಪೇಟೆಯಲ್ಲಿ ಬೆಲೆ ಕಡಿಮೆ. ವ್ಯಾಪಾರಿ ಕೇಳದೆ ಬಿಟ್ಟದ್ದೂ ಇದನ್ನೇ. ಹಿಂಬದಿಯ ಕೆಂಪು ಕಿಂಡಿಯಲ್ಲಿ 7 ಎಂಬ ಅಂಕಿ ಕಾಣುತ್ತಿತ್ತು. ಒಳಗೆ ಫಿಲ್ಮ್ ಇದೆ ಎಂದರ್ಥ. ಸಿಕ್ಕ ಹಳೇ ಕ್ಯಾಮೆರಾದ ಬೆನ್ನನ್ನು ಬೆಳಕಿನಲ್ಲಿ ತೆರೆಯುವ ಮುನ್ನ ಕಿಂಡಿ ನೋಡಿ, ಕೀಲಿ ತಿರುಗಿಸಿ ಬಿಗಿ ಇದೆಯೇ ಎಂದು ನೋಡಿ.

ರೋಲಿನ ಹಿಂದೆ ಕಪ್ಪು ಕಾಗದ ಇರುವುದರಿಂದ ಅದನ್ನು ಕೊನೆತನಕ ಸುತ್ತಿ ಹೊರತೆಗೆಯಬಹುದು. ಹಳೇ ಕಾಗದ ಗರಿಗರಿಯಾಗಿ ಹರಿಯುವ ಭಯವಿದ್ದುದರಿಂದ ಚೇಂಜಿಂಗ್ ಬ್ಯಾಗಿನೊಳಗೆ (ಕೈ ತೂರಿಸಿ ಕೆಲಸ ಮಾಡುವ, ಬೆಳಕು ಹೋಗದ ಚೀಲ), ಒಂದು ಸುತ್ತಿಗೆ ಅರ್ಧ ನಿಮಿಷದಂತೆ ಸುತ್ತಿದರು. ಹೊರಬಂದದ್ದು ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್‌ನ 'ಇಂದು' ಕಪ್ಪುಬಿಳುಪು ರೋಲು. ಪೂರ್ತಿ ಸುತ್ತಿದ ರೋಲಿನಲ್ಲಿ ಹೊರಗಡೆ ಇರುವುದು ಫಿಲ್ಮಿನ ಬಾಲ, ಅಂದರೆ 12ರ ಕಡೆ. ಇಲ್ಲಿ 7ರ ನಂತರ ತೆಗೆದೇ ಇಲ್ಲವಾದ್ದರಿಂದ ಆ ತುದಿಯಿಂದ ಐದು ಸೆಂಟಿಮೀಟರ್ ಕತ್ತರಿಸಿ ಪರೀಕ್ಷೆ ಮಾಡಿದರೆ ಯಾವ ಚಿತ್ರಕ್ಕೂ ನಷ್ಟವಿಲ್ಲ. ಹಳೇ ಫಿಲ್ಮು ಬೆಳಕು ಕಾಣದೆಯೂ ಮಂಕು ಹಿಡಿದಿರುತ್ತದೆ. ಚಿತ್ರ ಮಾತ್ರ ವರ್ಷ ವರ್ಷಕ್ಕೆ ಕ್ಷೀಣಿಸುತ್ತದೆ. ಮಂಕನ್ನು ತಗ್ಗಿಸಲು ಎಚ್‌ಸಿ-110 ಡೆವಲಪರನ್ನು 1ಕ್ಕೆ 31 ನೀರು ಬೆರೆಸಿ, ಲೀಟರಿಗೆ 10 ಮಿಲಿ ಶೇ 1ರ ಬೆಂಜೊಟ್ರಯಾಜೋಲ್ ದ್ರಾವಣ ಹಾಕಿ, 20 ಡಿಗ್ರಿಯಲ್ಲಿ ಆರು ನಿಮಿಷ. ಪರೀಕ್ಷೆಯ ತುಂಡು ನಡುಬೂದು ಬಂತು, ಬೆಳಕು ಹಾಯುವಷ್ಟು. ಅದೇ ಹದದಲ್ಲಿ ಇಡೀ ರೋಲು ತೊಳೆದರು. ಏಳರಲ್ಲಿ ನಾಲ್ಕು ಓದಬಹುದಾಗಿದೆ: ಅಂಗಳದಲ್ಲಿ ಮಕ್ಕಳು, ಒಂದು ಜೀಪು, ಅಡಿಕೆ ಹರವಿದ ಚಪ್ಪರ ಎರಡು ಸಲ. ಖಾಲಿ ಭಾಗದಲ್ಲಿ ಕಾಗದದ ಮೇಲಿನ 9, 10 ಅಂಕಿಗಳೇ ಫಿಲ್ಮಿನ ಮೇಲೆ ಅಚ್ಚಾಗಿದ್ದವು.

ಯಾಶಿಕಾ-ಡಿ

ಮದುವೆ ಮನೆಗಳಿಗೆ ಹೊತ್ತೊಯ್ದದ್ದು ಇದನ್ನು. ಮೇಲೆ ನೋಡುವ ಲೆನ್ಸು, ಕೆಳಗೆ ಚಿತ್ರ ತೆಗೆಯುವ ಲೆನ್ಸು ಇರುವ ಕ್ಯಾಮೆರಾ. ಕೆಳಗಿನ ಲೆನ್ಸಿನೊಳಗೆ ಬೂಷ್ಟಿನ ಜಾಲ, ಶಟರ್ 1/15ಕ್ಕಿಂತ ನಿಧಾನದ ವೇಗಗಳಲ್ಲಿ ನಿಂತುಬಿಡುತ್ತಿತ್ತು. ಮುಂದಿನ ಲೆನ್ಸ್ ಗುಂಪನ್ನು ರಬ್ಬರ್ ಒತ್ತುಗೆಯಿಂದ ಎಡಕ್ಕೆ ತಿರುಗಿಸಿ ಬಿಚ್ಚಿ, ಶೇ 3ರ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಮನೆಬಳಕೆಯ ಅಮೋನಿಯಾ ಸಮಸಮ ಬೆರೆಸಿ ಲೆನ್ಸ್ ಟಿಶ್ಯೂವಿನಲ್ಲಿ ಒರೆಸಿದರು. ಬೂಷ್ಟು ಹೋಯಿತು, ಅದು ಕೊರೆದ ಎರಡು ಸಣ್ಣ ಗೆರೆ ಲೇಪನದ ಮೇಲೆ ಉಳಿಯಿತು. ಚಿತ್ರದಲ್ಲಿ ಅದು ಕಾಣುವುದಿಲ್ಲ. ಈ ಕ್ಯಾಮೆರಾದಲ್ಲಿ ಇದ್ದದ್ದು ಮೂರು ಗಾಜಿನ ಯಾಶಿಕೋರ್ ಲೆನ್ಸು. ನಂತರದ ಯಾಶಿನಾನ್ ಆಗಿದ್ದರೆ ಹಿಂಬದಿಯ ಎರಡು ಗಾಜು ಅಂಟಿಸಿದ್ದು, ಅದನ್ನು ದ್ರವದಲ್ಲಿ ಅದ್ದಬಾರದು.

ಶಟರ್ ನಿಲ್ಲಲು ಕಾರಣ ಗಟ್ಟಿಯಾದ ಹಳೇ ಗ್ರೀಸು. ಲೈಟರ್‌ಗೆ ಹಾಕುವ ನಾಫ್ತಾವನ್ನು ಒಂದೆರಡು ಹನಿ ಬಿಟ್ಟು ಹತ್ತು ಸಲ ಒತ್ತಿ, ಒರೆಸಿ, ಮತ್ತೆ ಬಿಟ್ಟು, ನಾಲ್ಕು ಸುತ್ತು. ಎಣ್ಣೆ ಹಾಕಲಿಲ್ಲ, ಹಾಕಿದರೆ ಆರು ತಿಂಗಳಲ್ಲಿ ಅದೇ ಶಟರಿನ ಲೋಹದ ಎಲೆಗಳಿಗೆ ಹರಡಿ ಅಂಟುತ್ತದೆ. ಮೊಬೈಲಿನ 240 ಫ್ರೇಮಿನ ನಿಧಾನ ವಿಡಿಯೊದಲ್ಲಿ ಎಣಿಸಿದರೆ ಒಂದು ಸೆಕೆಂಡಿಗೆ 240 ಫ್ರೇಮ್ ಬರಬೇಕು, ಇಲ್ಲಿ 262 ಬಂತು, ಸಾಕು. 1/500ನ್ನು ಈ ವಿಧಾನದಲ್ಲಿ ಅಳೆಯಲಾಗದು. ಆ ವೇಗವನ್ನು ಶಟರ್ ಎಳೆಯುವ ಮೊದಲೇ ಹೊಂದಿಸಬೇಕು, ಎಳೆದ ಮೇಲೆ ಬಲವಂತವಾಗಿ ತಿರುಗಿಸಿದರೆ ಒಳಗಿನ ಹೆಚ್ಚುವರಿ ಸ್ಪ್ರಿಂಗು ಸಿಕ್ಕಿಬೀಳುತ್ತದೆ. ಸೆಲ್ಫ್ ಟೈಮರನ್ನು ಮುಟ್ಟಲೇ ಇಲ್ಲ, ಒಣಗಿದ ಹಲ್ಲುಚಕ್ರ ಅರ್ಧದಲ್ಲಿ ನಿಂತರೆ ಇಡೀ ಶಟರ್ ಬೀಗ ಬೀಳುತ್ತದೆ.

ಮರದ ಕ್ಯಾಮೆರಾದ ಬೆಲ್ಲೋಸನ್ನು (ಲೆನ್ಸಿಗೂ ಬೆನ್ನಿಗೂ ನಡುವಿನ ಮಡಿಕೆಯ ತಿದಿ) ಕತ್ತಲೆಯಲ್ಲಿ ಒಳಗೆ ಟಾರ್ಚ್ ಹಚ್ಚಿ ನೋಡಿದಾಗ ಮಡಿಕೆಯ ಮೂಲೆಗಳಲ್ಲಿ ಒಂಬತ್ತು ತೂತು. ಅವನ್ನು ಮುಚ್ಚಲಿಲ್ಲ, ಹಿತ್ತಾಳೆಗೆ ಪಾಲಿಶ್ ಹಾಕಲಿಲ್ಲ. ಅದೀಗ ಪ್ಲೇಟುಗಳ ಜೊತೆಗಿನ ದಾಖಲೆ.

ಪ್ರತಿ ತೆಗೆಯುವುದು, ಇಡುವುದು

ಎಲ್‌ಇಡಿ ಲೈಟ್ ಪ್ಯಾಡು, ಮೇಲೆ 24 ಮೆಗಾಪಿಕ್ಸೆಲ್ ಕ್ಯಾಮೆರಾ, ಮ್ಯಾಕ್ರೊ ಲೆನ್ಸು, ಎಫ್/8, ಐಎಸ್‌ಒ 100, ರಾ ಫೈಲು. ಪ್ಯಾಡಿನ ಮೇಲೆ ಸಣ್ಣ ಕನ್ನಡಿ ಇಟ್ಟು ಲೆನ್ಸಿನ ಪ್ರತಿಬಿಂಬ ಚಿತ್ರದ ನಟ್ಟನಡುವೆ ಬಂದರೆ ಕ್ಯಾಮೆರಾ ಸಮಪಾತಳಿಯಲ್ಲಿದೆ. ಪ್ಲೇಟಿನ ಸುತ್ತ ಕಪ್ಪು ರಟ್ಟಿನ ಕಿಟಕಿ, ಇಲ್ಲದಿದ್ದರೆ ಆಚೀಚೆಯ ಬೆಳಕು ಕಾಂಟ್ರಾಸ್ಟ್ ತಿನ್ನುತ್ತದೆ. 4¾×6½ ಇಂಚಿನ ಪ್ಲೇಟಿಗೆ ಇಂಚಿಗೆ 840 ಪಿಕ್ಸೆಲ್‌ನಷ್ಟು ಸಿಗುತ್ತದೆ. ಹಿಂಬೆಳಕಿನಲ್ಲಿ ಒಂದು, ಓರೆ ಬೆಳಕಿನಲ್ಲಿ ಟಚಿಂಗ್ ಕಾಣುವಂತೆ ಇನ್ನೊಂದು. ಅಂಚು ಕತ್ತರಿಸಲಿಲ್ಲ, ಅಂಚಿನಲ್ಲೇ ನಂಬರು, ಸ್ಲೈಡಿನ ಗುರುತು ಇರುವುದು. ಪ್ಲೇಟಿಗೆ ನಾಲ್ಕು ನಿಮಿಷದಂತೆ ಎಂಟು ಗಂಟೆಯ ಕೆಲಸವನ್ನು ಐದು ದಿನಕ್ಕೆ ಹಂಚಿದರು, ಸುಸ್ತಾದ ಕೈಯಲ್ಲೇ ಗಾಜು ಜಾರುವುದು.

ಪ್ರತಿ ಪ್ಲೇಟಿಗೂ ಆಮ್ಲರಹಿತ ಕಾಗದದ ನಾಲ್ಕು ಮಡಿಕೆಯ ಹೊದಿಕೆ. ಸಂಖ್ಯೆಯನ್ನು ಪ್ಲೇಟ್ ಇಡುವ ಮೊದಲೇ ಮೆತ್ತನೆ ಪೆನ್ಸಿಲ್‌ನಲ್ಲಿ ಬರೆದದ್ದು. ಪ್ಲೇಟುಗಳು ಉದ್ದ ಅಂಚಿನ ಮೇಲೆ ನಿಂತಿರುತ್ತವೆ, ಒಡೆದ ಮೂರು ಮಾತ್ರ ರಟ್ಟಿನ ನಡುವೆ ಮಲಗಿವೆ. ಒಂದು ಹಾಫ್ ಪ್ಲೇಟು ಸುಮಾರು 75 ಗ್ರಾಂ. 118 ಸೇರಿದರೆ ಒಂಬತ್ತು ಕಿಲೋದ ಹತ್ತಿರ, ಆದ್ದರಿಂದ ಒಂದೇ ಪೆಟ್ಟಿಗೆಗೆ ತುಂಬದೆ ಐದಕ್ಕೆ ಹಂಚಿ ಸ್ಟೀಲ್ ಬೀರುವಿನ ಕೆಳಗಿನ ಅರೆಯಲ್ಲಿ ಇಟ್ಟರು. ಹಳೇ ರಟ್ಟಿನ ಡಬ್ಬಿಗಳನ್ನು ಎಸೆಯದೆ ಪಕ್ಕದಲ್ಲಿಟ್ಟಿದ್ದಾರೆ.

ನೆಗೆಟಿವ್ ಕೊಂಡ ಮಾತ್ರಕ್ಕೆ ಚಿತ್ರ ಪ್ರಕಟಿಸುವ ಹಕ್ಕು ಬರುವುದಿಲ್ಲ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ತೆಗೆಸಿಕೊಂಡ ಫೋಟೊದ ಮೊದಲ ಹಕ್ಕುದಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿಕೊಂಡವರೇ. ಅದಕ್ಕಿಂತ ಹೆಚ್ಚಾಗಿ, ಈ ಮುಖಗಳ ಮಕ್ಕಳು ಮೊಮ್ಮಕ್ಕಳು ಅದೇ ಪೇಟೆಯಲ್ಲಿದ್ದಾರೆ. ರಿಜಿಸ್ಟರಿನ ಹೆಸರು ಹಿಡಿದು 26 ಮನೆ ಪತ್ತೆಯಾಗಿದೆ. ಪ್ರತಿ ಮನೆಗೂ ಪ್ರಿಂಟ್ ತಲುಪಿಸಿ, ಹೆಸರು, ವರ್ಷ, ಸಂಬಂಧ ಕೇಳಿ ಬರೆದುಕೊಂಡ ಮೇಲಷ್ಟೇ ಆ ಚಿತ್ರ ಬೇರೆಯವರಿಗೆ ತೋರಿಸುವುದು ಎಂದು ಸಂಗ್ರಾಹಕರು ಸ್ಟುಡಿಯೊ ಮನೆಯವರಿಗೆ ಮಾತು ಕೊಟ್ಟಿದ್ದಾರೆ.

ಬಿಡದೆ ಉಳಿದ ಆ ಎರಡು ಜೊತೆ ಪ್ಲೇಟುಗಳು, 8-11ರಿಂದ 9-02ರ ನಡುವಿನವು, ಶೇ 45ರ ಡಬ್ಬದಲ್ಲೇ ಇವೆ. ಹಿಂಬೆಳಕಿಗೆ ಹಿಡಿದರೆ ಎರಡು ಮುಖ ಒಂದರ ಮೇಲೊಂದು ಕಾಣುತ್ತವೆ. ಪ್ರತಿ ತಿಂಗಳ ಮೊದಲ ಭಾನುವಾರ ಅಂಚು ನೋಡಿ ದಿನಾಂಕ ಹಾಕುತ್ತಾರೆ. ಈವರೆಗೆ ಎಡ ಮೂಲೆ ಎರಡು ಮಿಲಿಮೀಟರ್ ಬಿಟ್ಟಿದೆ.